ಔಟ್‌ಲುಕ್ ಕಸ್ಟಮ್ ಫಾರ್ಮ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

"ನಿನ್ನೆವರೆಗೂ ಸರಿಯಾಗಿತ್ತು, ಇವತ್ತು ಫಾರ್ಮ್ ತೆರೆಯುತ್ತಲೇ ಇಲ್ಲ." "ನನಗೆ ಎಲ್ಲಾ ಕಾಣುತ್ತೆ, ಮೇಲ್ ಹೋದವರಿಗೆ ಮಾತ್ರ ಖಾಲಿ." "ಬಟನ್ ಒತ್ತಿದರೆ ಏನೂ ಆಗಲ್ಲ." ಔಟ್‌ಲುಕ್‌ನ ಕಸ್ಟಮ್ ಫಾರ್ಮ್ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವುದು ಇವನ್ನೇ. ಒಬ್ಬೊಬ್ಬರಿಗೆ ಬಿಡಿಯಾಗಿ ಉತ್ತರ ಕೊಡುವ ಬದಲು ಹುಡುಕುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಕಸ್ಟಮ್ ಫಾರ್ಮ್ ಅಂದರೆ ಔಟ್‌ಲುಕ್‌ನ ಮಾಮೂಲಿ ಮೇಲ್, ಕಾಂಟ್ಯಾಕ್ಟ್, ಟಾಸ್ಕ್ ಅಥವಾ ಅಪಾಯಿಂಟ್‌ಮೆಂಟ್ ಕಿಟಕಿಗೆ ನಮಗೆ ಬೇಕಾದ ಫೀಲ್ಡ್, ಬಟನ್, ಪುಟಗಳನ್ನು ಸೇರಿಸಿ ಮಾಡಿಕೊಂಡ ಕಿಟಕಿ. ರಜೆ ಅರ್ಜಿ, ಸಾಮಾನು ಬೇಡಿಕೆ, ಗ್ರಾಹಕರ ವಿವರ, ಹೀಗೆ ಯಾವುದಕ್ಕೂ ಮಾಡಬಹುದು.

ಫಾರ್ಮ್ ಕೆಟ್ಟ ಕೂಡಲೇ ಡಿಸೈನ್ ತೆರೆದು ತಿದ್ದಲು ಹೋಗುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟೋ ಸಲ ಫಾರ್ಮ್ ಸರಿಯಾಗಿಯೇ ಇರುತ್ತದೆ. ಔಟ್‌ಲುಕ್‌ಗೆ ಅದು ಸಿಕ್ಕಿರುವುದಿಲ್ಲ, ಅಥವಾ ಹಳೆಯ ಪ್ರತಿ ಸಿಕ್ಕಿರುತ್ತದೆ. ಆ ಸ್ಥಿತಿಯಲ್ಲಿ ಡಿಸೈನ್ ತಿದ್ದಿದರೆ ಒಂದು ತೊಂದರೆ ಎರಡಾಗುತ್ತದೆ. ಮೊದಲು ಐಟಂ (ಅಂದರೆ ತೊಂದರೆ ಕೊಡುವ ಆ ಮೇಲ್, ಕಾಂಟ್ಯಾಕ್ಟ್ ಅಥವಾ ಟಾಸ್ಕ್) ನೋಡಿ, ಆಮೇಲೆ ಲೈಬ್ರರಿ (ಫಾರ್ಮ್ ಇಟ್ಟಿರುವ ಜಾಗ), ಆಮೇಲೆ ಕ್ಯಾಶ್ (ಔಟ್‌ಲುಕ್ ಇಟ್ಟುಕೊಂಡ ನಕಲು). ಡಿಸೈನ್‌ಗೆ ಕೈ ಹಾಕುವುದು ಕೊನೆಗೆ.

ಶುರು ಮಾಡುವ ಮುನ್ನ

ಮೆನು, ಬಟನ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನಿಮ್ಮ ಪರದೆ ಮೇಲೆ ಅವೇ ಪದಗಳು ಇಂಗ್ಲಿಷ್ ಅಕ್ಷರದಲ್ಲಿ ಕಾಣುತ್ತವೆ.

ಔಟ್‌ಲುಕ್‌ನಲ್ಲಿ ಡೆವಲಪರ್ ಟ್ಯಾಬ್ ಕಾಣಬೇಕು. ಇಲ್ಲದಿದ್ದರೆ ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್‌ಗೆ ಹೋಗಿ ಬಲಗಡೆ ಪಟ್ಟಿಯಲ್ಲಿ 'ಡೆವಲಪರ್' ಮುಂದೆ ಟಿಕ್ ಹಾಕಿ. ಫಾರ್ಮ್‌ನ ಟೆಂಪ್ಲೇಟ್ ಫೈಲ್, ಅಂದರೆ .ಓಎಫ್‌ಟಿ ಎಂದು ಕೊನೆಯಾಗುವ ಫೈಲ್, ಎಲ್ಲಾದರೂ ಇದೆಯಾ ಹುಡುಕಿ ಇಟ್ಟುಕೊಳ್ಳಿ. ಕಚೇರಿಯ ಕಂಪ್ಯೂಟರ್ ಆದರೆ ಕೆಲವು ಹಂತಗಳಿಗೆ ಸಿಸ್ಟಂ ಅಡ್ಮಿನ್ ಸಹಾಯ ಬೇಕಾಗುತ್ತದೆ. ಅಂಥ ಕಡೆ ಹೇಳುತ್ತೇನೆ.

1. ಯಾವ ಔಟ್‌ಲುಕ್ ಅಂತ ನೋಡಿ

ಕಸ್ಟಮ್ ಫಾರ್ಮ್ ನಡೆಯುವುದು ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಮಾತ್ರ. ವಿಂಡೋಸ್‌ಗೆ ಬಂದಿರುವ 'ನ್ಯೂ ಔಟ್‌ಲುಕ್', ಬ್ರೌಸರ್‌ನಲ್ಲಿ ತೆರೆಯುವ ಔಟ್‌ಲುಕ್, ಮ್ಯಾಕ್ ಮತ್ತು ಮೊಬೈಲ್ ಆ್ಯಪ್, ಇವು ಯಾವುದರಲ್ಲೂ ನಡೆಯುವುದಿಲ್ಲ. ಅಲ್ಲಿ ಅದೇ ಐಟಂ ಮಾಮೂಲಿ ಮೇಲ್ ಥರ ತೆರೆಯುತ್ತದೆ. ನೀವು ಸೇರಿಸಿದ ಫೀಲ್ಡ್‌ಗಳು ಕಾಣುವುದಿಲ್ಲ.

"ನಿನ್ನೆವರೆಗೂ ಸರಿಯಾಗಿತ್ತು" ಅನ್ನುವವರು ಮೊದಲು ಇದನ್ನೇ ನೋಡಬೇಕು. ಮೇಲ್ಭಾಗದಲ್ಲಿರುವ 'ನ್ಯೂ ಔಟ್‌ಲುಕ್' ಸ್ವಿಚ್ಚನ್ನು ಯಾರೋ ಒತ್ತಿರುತ್ತಾರೆ, ಅಷ್ಟೇ ಆಗಿರುತ್ತದೆ. ಸ್ವಿಚ್ ಹಿಂದಕ್ಕೆ ತಿರುಗಿಸಿ, ಕ್ಲಾಸಿಕ್‌ನಲ್ಲಿ ಅದೇ ಐಟಂ ತೆರೆದು ನೋಡಿ. ಸರಿಯಾಗಿ ಬಂತು ಅಂದರೆ ನಿಮ್ಮ ಫಾರ್ಮ್‌ಗೆ ಏನೂ ಆಗಿಲ್ಲ.

2. ಐಟಂನ ಮೆಸೇಜ್ ಕ್ಲಾಸ್ ಓದಿ

ಇಡೀ ಹುಡುಕಾಟದಲ್ಲಿ ಮುಖ್ಯವಾದ ಹಂತ ಇದು. ಬಿಟ್ಟು ಮುಂದೆ ಹೋಗಬೇಡಿ.

ಔಟ್‌ಲುಕ್‌ನ ಪ್ರತಿ ಐಟಂಗೂ ಒಂದು ಮೆಸೇಜ್ ಕ್ಲಾಸ್ ಇರುತ್ತದೆ. ಈ ಐಟಂ ತೆರೆಯಲು ಯಾವ ಫಾರ್ಮ್ ಬೇಕು ಅನ್ನುವುದನ್ನು ಹೇಳುವ ವಿಳಾಸದ ಚೀಟಿ ಅದು. ಮಾಮೂಲಿ ಮೇಲ್‌ಗೆ 'ಐಪಿಎಂ.ನೋಟ್', ಕಾಂಟ್ಯಾಕ್ಟ್‌ಗೆ 'ಐಪಿಎಂ.ಕಾಂಟ್ಯಾಕ್ಟ್', ಟಾಸ್ಕ್‌ಗೆ 'ಐಪಿಎಂ.ಟಾಸ್ಕ್', ಅಪಾಯಿಂಟ್‌ಮೆಂಟ್‌ಗೆ 'ಐಪಿಎಂ.ಅಪಾಯಿಂಟ್‌ಮೆಂಟ್'. ನೀವು ಮೇಲ್ ಫಾರ್ಮನ್ನು 'ಲೀವ್' ಎಂಬ ಹೆಸರಲ್ಲಿ ಪಬ್ಲಿಷ್ ಮಾಡಿದರೆ ಅದರ ಕ್ಲಾಸ್ 'ಐಪಿಎಂ.ನೋಟ್.ಲೀವ್' ಆಗುತ್ತದೆ. ಪಬ್ಲಿಷ್ ಅಂದರೆ ಫಾರ್ಮನ್ನು ಔಟ್‌ಲುಕ್‌ನ ಒಂದು ಲೈಬ್ರರಿಯಲ್ಲಿ ನೋಂದಾಯಿಸುವುದು.

ಕ್ಲಾಸ್ ನೋಡುವುದು ಹೀಗೆ. ಫೋಲ್ಡರ್ ತೆರೆದು ವ್ಯೂ ಟ್ಯಾಬ್‌ನಲ್ಲಿ 'ವ್ಯೂ ಸೆಟ್ಟಿಂಗ್ಸ್', ಅಲ್ಲಿ 'ಕಾಲಮ್ಸ್' ಒತ್ತಿ. ಮೇಲಿನ ಪಟ್ಟಿಯಿಂದ ಎಲ್ಲಾ ಮೇಲ್ ಫೀಲ್ಡ್‌ಗಳು ಅನ್ನುವುದನ್ನು ಆರಿಸಿ, 'ಮೆಸೇಜ್ ಕ್ಲಾಸ್' ಹುಡುಕಿ ಸೇರಿಸಿ. ಕಾಂಟ್ಯಾಕ್ಟ್ ಫೋಲ್ಡರ್ ಆದರೆ ಎಲ್ಲಾ ಕಾಂಟ್ಯಾಕ್ಟ್ ಫೀಲ್ಡ್‌ಗಳಲ್ಲಿ ಹುಡುಕಿ. ಕಾಲಮ್ ಕಾಣಿಸದಿದ್ದರೆ ರೀಡಿಂಗ್ ಪೇನ್ ಮುಚ್ಚಿ. ಪಟ್ಟಿ ಅಗಲವಾದಾಗ ಕಾಲಮ್‌ಗಳು ಬಿಡಿಬಿಡಿಯಾಗಿ ಬರುತ್ತವೆ.

ಈಗ ಕಾಣುವ ಹೆಸರನ್ನು ನಿಮ್ಮ ಫಾರ್ಮ್‌ನ ಹೆಸರಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ.

ಬರೀ 'ಐಪಿಎಂ.ನೋಟ್' ಅಂತ ಇದ್ದರೆ ಆ ಐಟಂ ನಿಮ್ಮ ಫಾರ್ಮನ್ನು ಕೇಳುತ್ತಲೇ ಇಲ್ಲ. ಮಾಮೂಲಿ ಕಿಟಕಿ ತೆರೆಯುವುದು ಸಹಜ. 'ಐಪಿಎಂ.ನೋಟ್.ಲೀವ್' ಅಂತ ಇದ್ದೂ ಮಾಮೂಲಿ ಕಿಟಕಿ ಬಂದರೆ, ಐಟಂ ಕೇಳಿದ್ದು ಔಟ್‌ಲುಕ್‌ಗೆ ಸಿಗುತ್ತಿಲ್ಲ. "ಕಸ್ಟಮ್ ಫಾರ್ಮ್ ತೆರೆಯಲಾಗಲಿಲ್ಲ, ಬದಲಿಗೆ ಔಟ್‌ಲುಕ್ ಫಾರ್ಮ್ ಬಳಸಲಾಗುತ್ತದೆ" ಅನ್ನುವ ಅರ್ಥದ ಸಂದೇಶ ಬರುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ. ಆಗ 3 ಮತ್ತು 4ನೇ ಹಂತ ನೋಡಿ.

ಇನ್ನೊಂದು ತುಂಬಾ ಸಾಮಾನ್ಯ. ಫಾರ್ಮ್ ತಿದ್ದಿದ ಮೇಲೆ 'ಲೀವ್2' ಅಂತ ಹೊಸ ಹೆಸರಲ್ಲಿ ಪಬ್ಲಿಷ್ ಮಾಡಿ ಹಳೆಯದನ್ನು ಅಳಿಸುತ್ತಾರೆ. ಹಳೆಯ ಐಟಂಗಳ ಚೀಟಿಯಲ್ಲಿ ಇನ್ನೂ 'ಲೀವ್' ಅಂತಲೇ ಇರುತ್ತದೆ. ಅವೆಲ್ಲ ಅನಾಥವಾಗುತ್ತವೆ. ಒಮ್ಮೆ ಬಳಕೆಗೆ ಬಂದ ಫಾರ್ಮ್‌ನ ಹೆಸರನ್ನು ಬದಲಿಸಬೇಡಿ. ತಿದ್ದುಪಡಿಗೆ ವರ್ಷನ್ ಸಂಖ್ಯೆ ಇದೆ, ಅದನ್ನು ಏರಿಸಿದರೆ ಸಾಕು.

3. ಫಾರ್ಮ್ ಎಲ್ಲಿದೆ ಅಂತ ಪತ್ತೆ ಹಚ್ಚಿ

ಪಬ್ಲಿಷ್ ಮಾಡಲು ಮೂರು ಜಾಗಗಳಿವೆ.

ಪರ್ಸನಲ್ ಫಾರ್ಮ್ಸ್ ಲೈಬ್ರರಿ ನಿಮ್ಮೊಬ್ಬರದು. ಇಲ್ಲಿ ಪಬ್ಲಿಷ್ ಮಾಡಿದ್ದು ಬೇರೆಯವರಿಗೆ ಸಿಗುವುದಿಲ್ಲ. ಫೋಲ್ಡರ್ ಲೈಬ್ರರಿಯಲ್ಲಿ ಹಾಕಿದ್ದು ಆ ಒಂದು ಫೋಲ್ಡರ್‌ಗೆ ಸೀಮಿತ. ಎಕ್ಸ್‌ಚೇಂಜ್ ಸರ್ವರ್ (ಸಂಸ್ಥೆಯ ಮೇಲ್ ನಡೆಸುವ ಮೈಕ್ರೋಸಾಫ್ಟ್ ಸರ್ವರ್) ಇರುವ ಕಡೆ ಇಡೀ ಸಂಸ್ಥೆಗೆ ಒಂದೇ ಜಾಗದಿಂದ ಫಾರ್ಮ್ ಕೊಡಲು ಆರ್ಗನೈಸೇಷನಲ್ ಫಾರ್ಮ್ಸ್ ಲೈಬ್ರರಿ ಬೇಕು. ಅದನ್ನು ಅಡ್ಮಿನ್ ಮೊದಲು ಮಾಡಿಕೊಡಬೇಕು, ನಿಮಗೆ ಪಬ್ಲಿಷ್ ಮಾಡುವ ಅನುಮತಿಯನ್ನೂ ಕೊಡಬೇಕು.

"ನನಗೆ ಬರುತ್ತೆ, ಬೇರೆಯವರಿಗೆ ಬರಲ್ಲ" ಅನ್ನುವ ದೂರಿನ ಮೂಲ ಬಹಳಷ್ಟು ಸಲ ಇಲ್ಲೇ ಇರುತ್ತದೆ. ನೀವು ಪರ್ಸನಲ್ ಲೈಬ್ರರಿಯಲ್ಲಿ ಹಾಕಿ, ಮೇಲ್ ಎಲ್ಲರಿಗೂ ಕಳಿಸಿರುತ್ತೀರಿ. ಮೇಲ್ ಜೊತೆ ಹೋಗುವುದು ಫಾರ್ಮ್‌ನ ಹೆಸರು ಮಾತ್ರ. ಓದುವವರ ಕಡೆಯೂ ಅದೇ ಹೆಸರಿನ ಫಾರ್ಮ್ ಸಿಗಬೇಕು, ಅಲ್ವಾ?

ಏನೇನು ಎಲ್ಲೆಲ್ಲಿದೆ ಅಂತ ನೋಡಲು ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್‌ಗೆ ಹೋಗಿ. ಕೆಳಗೆ 'ಡೆವಲಪರ್ಸ್' ಭಾಗದಲ್ಲಿ 'ಕಸ್ಟಮ್ ಫಾರ್ಮ್ಸ್' ಬಟನ್ ಇದೆ. ಅದನ್ನು ಒತ್ತಿ 'ಮ್ಯಾನೇಜ್ ಫಾರ್ಮ್ಸ್' ಆರಿಸಿದರೆ ಫಾರ್ಮ್ಸ್ ಮ್ಯಾನೇಜರ್ ತೆರೆಯುತ್ತದೆ. ಎಡಬಲದಲ್ಲಿ ಎರಡು ಪಟ್ಟಿ ಬರುತ್ತವೆ. 'ಸೆಟ್' ಬಟನ್‌ನಿಂದ ಯಾವ ಲೈಬ್ರರಿ ಬೇಕೋ ಅದನ್ನು ಎದುರಿಗೆ ತಂದುಕೊಳ್ಳಬಹುದು.

ಒಂದೇ ಹೆಸರಿನ ಫಾರ್ಮ್ ಎರಡು ಕಡೆ ಕಂಡರೆ ನಿಮ್ಮ ಕಳ್ಳ ಸಿಕ್ಕಿದ ಹಾಗೆ. ಔಟ್‌ಲುಕ್ ಮೊದಲು ಕ್ಯಾಶ್, ಆಮೇಲೆ ಈಗ ತೆರೆದಿರುವ ಫೋಲ್ಡರ್, ಆಮೇಲೆ ಪರ್ಸನಲ್, ಕೊನೆಗೆ ಆರ್ಗನೈಸೇಷನಲ್ ಲೈಬ್ರರಿ, ಈ ಕ್ರಮದಲ್ಲಿ ಹುಡುಕುತ್ತದೆ. ನೀವು ಆರ್ಗನೈಸೇಷನಲ್ ಲೈಬ್ರರಿಯ ಪ್ರತಿಯನ್ನು ಎಷ್ಟು ತಿದ್ದಿದರೂ ಪರ್ಸನಲ್‌ನಲ್ಲಿರುವ ಹಳೆಯದೇ ಮೊದಲು ಕೈಗೆ ಸಿಗುತ್ತಿರುತ್ತದೆ. ಬೇಡದ ಪ್ರತಿಯನ್ನು ಮೊದಲು ಟೆಂಪ್ಲೇಟ್ ಫೈಲಾಗಿ ಉಳಿಸಿ, ಆಮೇಲೆ ಅಳಿಸಿ. ಒಂದು ಫಾರ್ಮ್‌ಗೆ ಒಂದೇ ಮನೆ ಇರಲಿ.

ಕಂಪ್ಯೂಟರ್ ಬದಲಾದ ಮೇಲೆ ಅಥವಾ ಹೊಸ ಡೇಟಾ ಫೈಲ್ (ಔಟ್‌ಲುಕ್ ಮೇಲ್‌ಗಳನ್ನು ಇಡುವ ಫೈಲ್) ಮಾಡಿಕೊಂಡ ಮೇಲೆ ಫಾರ್ಮ್ ಕಾಣೆಯಾಗಿದ್ದರೂ ಇಲ್ಲೇ ನೋಡಿ. ಪರ್ಸನಲ್ ಲೈಬ್ರರಿ ನಿಮ್ಮ ಡೀಫಾಲ್ಟ್ ಮೇಲ್‌ಬಾಕ್ಸ್ ಅಥವಾ ಡೇಟಾ ಫೈಲ್ ಒಳಗೇ ಇರುತ್ತದೆ. ಡೇಟಾ ಫೈಲ್ ಬದಲಾದರೆ ಫಾರ್ಮ್‌ಗಳು ತಾವಾಗಿ ಹಿಂದೆ ಬರುವುದಿಲ್ಲ.

4. ಕ್ಯಾಶ್ ಖಾಲಿ ಮಾಡಿ

ಪ್ರತಿ ಸಲ ಲೈಬ್ರರಿಗೆ ಹೋಗುವುದು ತಡ ಅಂತ ಔಟ್‌ಲುಕ್ ಬಳಸಿದ ಫಾರ್ಮ್‌ನ ಒಂದು ನಕಲನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಇಟ್ಟುಕೊಳ್ಳುತ್ತದೆ. ಆ ದಾಸ್ತಾನಿಗೆ ಫಾರ್ಮ್ಸ್ ಕ್ಯಾಶ್ ಅಂತ ಹೆಸರು. ಅದು ಕೆಟ್ಟರೆ ವಿಚಿತ್ರ ತೊಂದರೆಗಳು ಬರುತ್ತವೆ. ತಿದ್ದಿದ್ದು ಕಾಣುವುದಿಲ್ಲ. ಫಾರ್ಮ್ ಅರ್ಧ ತೆರೆಯುತ್ತದೆ. "ಈ ಸಂದೇಶ ತೋರಿಸಲು ಬೇಕಾದ ಫಾರ್ಮ್ ತೋರಿಸಲಾಗುತ್ತಿಲ್ಲ, ಅಡ್ಮಿನ್ ಅವರನ್ನು ಸಂಪರ್ಕಿಸಿ" ಅನ್ನುವ ಸಂದೇಶ ಬರುತ್ತದೆ. ಕೆಲವೊಮ್ಮೆ ಕಸ್ಟಮ್ ಫಾರ್ಮ್ ಕಂಡೇ ಇರದವರಿಗೂ ಮಾಮೂಲಿ ಮೇಲ್ ತೆರೆಯುವಾಗ ಇದೇ ಸಂದೇಶ ಬರುವುದುಂಟು.

ಸುಲಭದ ದಾರಿ: ಫಾರ್ಮ್ಸ್ ಮ್ಯಾನೇಜರ್‌ನಲ್ಲೇ 'ಕ್ಲಿಯರ್ ಕ್ಯಾಶ್' ಬಟನ್ ಇದೆ. ಒತ್ತಿ, ಔಟ್‌ಲುಕ್ ಮುಚ್ಚಿ, ಮತ್ತೆ ತೆರೆಯಿರಿ.

ಅದರಿಂದ ಆಗಲಿಲ್ಲವಾ? ಔಟ್‌ಲುಕ್ ಪೂರ್ತಿ ಮುಚ್ಚಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ಇನ್ನೂ ಓಡುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ನಿಮ್ಮ ಯೂಸರ್ ಫೋಲ್ಡರ್ ಕೆಳಗೆ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ಫಾರ್ಮ್ಸ್, ಹೀಗೆ ಒಳಗೆ ಹೋಗಿ. ಆ್ಯಪ್‌ಡೇಟಾ ಅಡಗಿಸಿಟ್ಟ ಫೋಲ್ಡರ್. ಕಾಣದಿದ್ದರೆ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಅಡಗಿದ ಐಟಂಗಳನ್ನು ತೋರಿಸುವ ಆಯ್ಕೆ ಹಾಕಿ. ಅಲ್ಲಿ 'ಎಫ್‌ಆರ್‌ಎಂಕ್ಯಾಶ್.ಡ್ಯಾಟ್' ಅನ್ನುವ ಫೈಲ್ ಇರುತ್ತದೆ. ಅದಕ್ಕೆ ಬೇರೆ ಹೆಸರು ಕೊಡಿ ಅಥವಾ ಅಳಿಸಿ. ಔಟ್‌ಲುಕ್ ಶುರುವಾದಾಗ ಹೊಸದನ್ನು ತಾನೇ ಮಾಡಿಕೊಳ್ಳುತ್ತದೆ. ಮೇಲ್‌ಗಳಿಗಾಗಲಿ, ಪಬ್ಲಿಷ್ ಮಾಡಿದ ಫಾರ್ಮ್‌ಗಳಿಗಾಗಲಿ ಏನೂ ಆಗುವುದಿಲ್ಲ. ಹೆದರಬೇಡಿ.

5. ಫಾರ್ಮ್ ಐಟಂ ಒಳಗೇ ಸೇರಿಕೊಂಡಿದೆಯಾ?

ಫಾರ್ಮ್ ಸರಿಯಾಗಿ ಕಾಣುತ್ತದೆ, ಆದರೆ ಒಂದು ಬಟನ್ನೂ ಕೆಲಸ ಮಾಡುವುದಿಲ್ಲ. ಐಟಂನ ಗಾತ್ರವೂ ಉಳಿದವುಗಳಿಗಿಂತ ಜಾಸ್ತಿ ಇದೆ. ಈ ಎರಡೂ ಒಟ್ಟಿಗೆ ಕಂಡರೆ ಅದು 'ಒನ್-ಆಫ್' ಫಾರ್ಮ್ ಆಗಿರಬಹುದು. ಅಂದರೆ ಫಾರ್ಮ್‌ನ ವಿನ್ಯಾಸ ಲೈಬ್ರರಿಯಿಂದ ಬರದೆ ಆ ಒಂದು ಐಟಂ ಒಳಗೇ ಅಂಟಿಕೊಂಡಿರುತ್ತದೆ. ಹೀಗೆ ಬಂದ ಫಾರ್ಮ್‌ನ ಸ್ಕ್ರಿಪ್ಟನ್ನು, ಅಂದರೆ ಬಟನ್ ಒತ್ತಿದಾಗ ಕೆಲಸ ಮಾಡುವ ಕೋಡನ್ನು, ಔಟ್‌ಲುಕ್ ನಡೆಸುವುದಿಲ್ಲ. ಸುರಕ್ಷತೆಗಾಗಿ ಮಾಡಿದ ನಿಯಮ ಅದು.

ಇದಕ್ಕೆ ಒಂದು ಕಾರಣ ಡಿಸೈನ್‌ನ 'ಪ್ರಾಪರ್ಟೀಸ್' ಪುಟದಲ್ಲಿರುವ 'ಸೆಂಡ್ ಫಾರ್ಮ್ ಡೆಫಿನಿಷನ್ ವಿತ್ ಐಟಂ' ಎಂಬ ಟಿಕ್. ಬೇರೆಯವರಿಗೂ ಕಾಣಲಿ ಅನ್ನುವ ಒಳ್ಳೆಯ ಉದ್ದೇಶದಿಂದ ಹಾಕಿರುತ್ತಾರೆ. ತೆಗೆದುಬಿಡಿ. ಇನ್ನೊಂದು ಕಾರಣ, ಸ್ಕ್ರಿಪ್ಟ್ ಒಳಗೆ ಐಟಂಗೆ ಹೊಸ ಫೀಲ್ಡ್ ಸೇರಿಸುವ ಸಾಲು ಬರೆದಿರುವುದು. ಬೇಕಾದ ಫೀಲ್ಡ್‌ಗಳನ್ನೆಲ್ಲ ಡಿಸೈನ್ ಮಾಡುವಾಗಲೇ ಸೇರಿಸಿಕೊಳ್ಳಿ.

ಡೆಸ್ಕ್‌ಟಾಪ್‌ನಲ್ಲಿಟ್ಟ ಟೆಂಪ್ಲೇಟ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ಬಳಸುವವರಿಗೂ ಬಟನ್ ತೊಂದರೆ ಬರುತ್ತದೆ. ಕಾರಣ ಅದೇ, ಅದು ಪಬ್ಲಿಷ್ ಆಗಿಲ್ಲ.

6. ಸ್ಕ್ರಿಪ್ಟ್ ನಡೆಯದಿದ್ದರೆ

ಫಾರ್ಮ್ ಪಬ್ಲಿಷ್ ಆಗಿದೆ, ಕ್ಲಾಸ್ ಸರಿಯಿದೆ, ಕ್ಯಾಶ್ ಖಾಲಿ ಮಾಡಿಯಾಯಿತು. ಆದರೂ ಬಟನ್ ಸುಮ್ನೆ ಕೂತಿದೆ. ಹಾಗಿದ್ದರೆ ಸೆಪ್ಟೆಂಬರ್ 2017ರಲ್ಲಿ ಬಂದ ಸೆಕ್ಯೂರಿಟಿ ಅಪ್‌ಡೇಟ್ ಬಗ್ಗೆ ತಿಳಿಯಬೇಕು. ಅಲ್ಲಿಂದ ಈಚೆಗೆ ಕಸ್ಟಮ್ ಫಾರ್ಮ್‌ನ ಸ್ಕ್ರಿಪ್ಟ್ ಮೊದಲಿನಿಂದಲೇ ಆಫ್ ಆಗಿರುತ್ತದೆ. ಹೊಸ ಕಂಪ್ಯೂಟರ್‌ಗೆ ಹೋದ ಕೂಡಲೇ ಬಟನ್‌ಗಳು ಸತ್ತುಹೋಗುವುದು ಇದರಿಂದಲೇ. ಹಳೆಯದರಲ್ಲಿ ಯಾರೋ ಆನ್ ಮಾಡಿಟ್ಟಿರುತ್ತಾರೆ, ಹೊಸದರಲ್ಲಿ ಮಾಡಿರುವುದಿಲ್ಲ.

ಆನ್ ಮಾಡಲು ವಿಂಡೋಸ್ ರಿಜಿಸ್ಟ್ರಿಯಲ್ಲಿ ಎರಡು ಕೆಲಸ ಆಗಬೇಕು. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಎಲ್ಲಾ ಸೆಟ್ಟಿಂಗ್ ಇಡುವ ಖಜಾನೆ. ಮೊದಲನೆಯದು, ಔಟ್‌ಲುಕ್‌ನ 'ಸೆಕ್ಯೂರಿಟಿ' ಕೀ (ರಿಜಿಸ್ಟ್ರಿಯಲ್ಲಿ ಫೋಲ್ಡರ್ ಥರದ್ದು) ಒಳಗೆ 'ಡಿಸೇಬಲ್‌ಕಸ್ಟಮ್‌ಫಾರ್ಮ್‌ಐಟಂಸ್ಕ್ರಿಪ್ಟ್' ಎಂಬ ಮೌಲ್ಯವನ್ನು 0 ಮಾಡುವುದು. ಎರಡನೆಯದು, 'ಟ್ರಸ್ಟೆಡ್‌ಫಾರ್ಮ್‌ಸ್ಕ್ರಿಪ್ಟ್‌ಲಿಸ್ಟ್' ಎಂಬ ನಂಬಿಕೆಯ ಪಟ್ಟಿಗೆ ನಿಮ್ಮ ಫಾರ್ಮ್‌ನ ಮೆಸೇಜ್ ಕ್ಲಾಸ್ ಸೇರಿಸುವುದು. ಈ ಎರಡು ಹೆಸರುಗಳನ್ನೂ ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆಯಬೇಕು. ಮೊದಲನೆಯದನ್ನು ಮಾತ್ರ ಮಾಡಿ "ಆಗಲಿಲ್ಲ" ಅನ್ನುವವರು ಬಹಳ ಜನ. ಎರಡೂ ಆಗಲೇಬೇಕು. ಪಟ್ಟಿಯಲ್ಲಿ ಕ್ಲಾಸ್‌ನ ಒಂದು ಅಕ್ಷರ ತಪ್ಪಿದರೂ ಕೆಲಸ ಆಗುವುದಿಲ್ಲ.

ಆಫೀಸ್ 32-ಬಿಟ್ಟಾ 64-ಬಿಟ್ಟಾ ಅನ್ನುವುದರ ಮೇಲೆ ಕೀ ಇರುವ ಜಾಗ ಬದಲಾಗುತ್ತದೆ. ಮೈಕ್ರೋಸಾಫ್ಟ್ ಸಪೋರ್ಟ್ ಪುಟದಲ್ಲಿ ನಿಮ್ಮದಕ್ಕೆ ಹೊಂದುವ ಜಾಗ ನೋಡಿಕೊಂಡೇ ಮುಟ್ಟಿ. ಮುಟ್ಟುವ ಮೊದಲು ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಕಚೇರಿಯ ಕಂಪ್ಯೂಟರ್ ಆದರೆ ಈ ಕೆಲಸ ಅಡ್ಮಿನ್ ಅವರದ್ದೇ. ನೀವು ಬದಲಿಸಿದರೂ ಗ್ರೂಪ್ ಪಾಲಿಸಿ (ಅಡ್ಮಿನ್ ಎಲ್ಲಾ ಕಂಪ್ಯೂಟರ್‌ಗಳಿಗೂ ಒಟ್ಟಿಗೆ ಹಾಕುವ ನಿಯಮ) ಅದನ್ನು ಮತ್ತೆ ಮೊದಲಿನಂತೆ ಮಾಡಬಹುದು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸ್ಕ್ರಿಪ್ಟ್ ಆಫ್ ಮಾಡಿದ್ದು ಸುಮ್ಮನೆ ಅಲ್ಲ. ಪಾಸ್‌ವರ್ಡ್ ಕದ್ದವರು ಮೇಲ್‌ಬಾಕ್ಸ್ ಒಳಗೆ ತಮ್ಮದೇ ಫಾರ್ಮ್ ಇಟ್ಟು, ಅದರ ಸ್ಕ್ರಿಪ್ಟ್ ಮೂಲಕ ಕಂಪ್ಯೂಟರ್ ಒಳಗೆ ನುಗ್ಗುವ ದಾರಿ ಕಂಡುಕೊಂಡಿದ್ದರು. ಪಾಸ್‌ವರ್ಡ್ ಬದಲಿಸಿದರೂ ಫಾರ್ಮ್ ಅಲ್ಲೇ ಉಳಿಯುತ್ತದೆ. ಹಾಗಾಗಿ ಯಾರು ಮಾಡಿದ್ದು ಅಂತ ಗೊತ್ತಿರುವ ಫಾರ್ಮನ್ನು ಮಾತ್ರ ಪಟ್ಟಿಗೆ ಸೇರಿಸಿ. 3ನೇ ಹಂತದಲ್ಲಿ ಪರ್ಸನಲ್ ಲೈಬ್ರರಿ ನೋಡಿದಾಗ ನೀವು ಮಾಡದ, ಯಾರೂ ಮಾಡಿಕೊಡದ ಫಾರ್ಮ್ ಕಂಡರೆ ಅದನ್ನು ತೆರೆಯಬೇಡಿ, ಅಳಿಸಲೂ ಬೇಡಿ. ತಕ್ಷಣ ಅಡ್ಮಿನ್‌ಗೆ ತಿಳಿಸಿ. ಅವರಿಗೆ ಅದು ಸಾಕ್ಷಿ.

ಸ್ಕ್ರಿಪ್ಟ್ ಆನ್ ಇದ್ದೂ ಐಟಂ ತೆರೆಯುತ್ತಿದ್ದಂತೆ ದೋಷ ಬಂದರೆ ಶಿಫ್ಟ್ ಕೀ ಒತ್ತಿಹಿಡಿದು ಐಟಂ ತೆರೆಯಿರಿ. ಆಗ ಸ್ಕ್ರಿಪ್ಟ್ ನಡೆಯುವುದಿಲ್ಲ. ಹಾಗೆ ಸರಿಯಾಗಿ ತೆರೆದುಕೊಂಡರೆ ತಪ್ಪು ಕೋಡ್‌ನಲ್ಲಿದೆ. ಫಾರ್ಮ್ ಒಳಗಿನ ಭಾಷೆ ವಿಬಿಸ್ಕ್ರಿಪ್ಟ್, ಆಫೀಸ್ ಮ್ಯಾಕ್ರೋಗಳ ಭಾಷೆಯಾದ ವಿಬಿಎ ಅಲ್ಲ. ಎಕ್ಸೆಲ್ ಮ್ಯಾಕ್ರೋದಿಂದ ಎತ್ತಿ ತಂದ ಸಾಲುಗಳು ಇಲ್ಲಿ ಎಡವುತ್ತವೆ. ವೇರಿಯಬಲ್ ಘೋಷಿಸುವಾಗ 'ಆ್ಯಸ್ ಸ್ಟ್ರಿಂಗ್' ಅಂತ ಬರೆದಿದ್ದರೆ ಅದನ್ನೇ ಮೊದಲು ತೆಗೆಯಿರಿ. ವಿಬಿಸ್ಕ್ರಿಪ್ಟ್‌ನಲ್ಲಿ ಹಾಗೆ ವಿಧ ಹೇಳುವಂತಿಲ್ಲ.

ವಿಬಿಸ್ಕ್ರಿಪ್ಟನ್ನು ವಿಂಡೋಸ್‌ನಿಂದ ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಘೋಷಿಸಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಅದು ಬೇಕಾದರೆ ಇಟ್ಟುಕೊಳ್ಳುವ, ಬೇಡವಾದರೆ ತೆಗೆಯುವ ಭಾಗವಾಗಿದೆ. ಸದ್ಯಕ್ಕೆ ಮೊದಲೇ ಹಾಕಿಯೇ ಬರುತ್ತದೆ. ಆದರೆ ಯಾರಾದರೂ ತೆಗೆದಿದ್ದರೆ ನಿಮ್ಮ ಸ್ಕ್ರಿಪ್ಟ್ ನಡೆಯುವುದಿಲ್ಲ. ಸೆಟ್ಟಿಂಗ್ಸ್‌ನ 'ಆಪ್ಷನಲ್ ಫೀಚರ್ಸ್' ಪಟ್ಟಿಯಲ್ಲಿ ಅದು ಇದೆಯಾ ನೋಡಿ.

7. ಬರೆದದ್ದು ಉಳಿಯುತ್ತಿಲ್ಲ, ಓದುವವರಿಗೆ ಕಾಣುತ್ತಿಲ್ಲ

ಇದು ನಿಜಕ್ಕೂ ಡಿಸೈನ್‌ನ ತೊಂದರೆ.

ಉಳಿಯುತ್ತಿಲ್ಲ ಅಂದರೆ ಆ ಬಾಕ್ಸ್ ಯಾವ ಫೀಲ್ಡ್‌ಗೂ ಜೋಡಣೆಯಾಗಿಲ್ಲ. ಡಿಸೈನ್‌ನಲ್ಲಿ ಬಾಕ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', ಅಲ್ಲಿ 'ವ್ಯಾಲ್ಯೂ' ಟ್ಯಾಬ್ ತೆರೆಯಿರಿ. 'ಚೂಸ್ ಫೀಲ್ಡ್' ಪಕ್ಕ ಖಾಲಿ ಇದ್ದರೆ ಒಂದು ಫೀಲ್ಡ್ ಆರಿಸಿ, ಇಲ್ಲವೇ 'ನ್ಯೂ' ಒತ್ತಿ ಹೊಸದು ಮಾಡಿ. ವಿಧ ಆರಿಸುವಾಗ ಯೋಚಿಸಿ: ಅಕ್ಷರಕ್ಕೆ ಟೆಕ್ಸ್ಟ್, ದಿನಾಂಕಕ್ಕೆ ಡೇಟ್/ಟೈಮ್. ಒಮ್ಮೆ ಮಾಡಿದ ಫೀಲ್ಡ್‌ನ ವಿಧವನ್ನು ಆಮೇಲೆ ಬದಲಿಸಲು ಆಗುವುದಿಲ್ಲ.

ಓದುವವರಿಗೆ ಖಾಲಿ ಕಾಣುತ್ತಿದೆ ಅಂದರೆ 'ರೀಡ್ ಪೇಜ್' ನೋಡಿ. ಮೇಲ್ ಫಾರ್ಮ್‌ಗೆ ಎರಡು ಮುಖ: ಬರೆಯುವಾಗಿನ 'ಕಂಪೋಸ್ ಪೇಜ್', ತೆರೆದು ಓದುವಾಗಿನ 'ರೀಡ್ ಪೇಜ್'. 'ಸೆಪರೇಟ್ ರೀಡ್ ಲೇಔಟ್' ಆನ್ ಇದ್ದರೆ ಇವೆರಡೂ ಬೇರೆ ಬೇರೆ. ಒಂದರಲ್ಲಿ ಹಾಕಿದ ಬಾಕ್ಸ್ ಇನ್ನೊಂದಕ್ಕೆ ಬರುವುದಿಲ್ಲ. ಡಿಸೈನ್ ರಿಬ್ಬನ್‌ನಲ್ಲಿ 'ಎಡಿಟ್ ರೀಡ್ ಪೇಜ್' ಒತ್ತಿ ಅಲ್ಲೂ ಅದೇ ಫೀಲ್ಡ್‌ಗೆ ಜೋಡಿಸಿದ ಬಾಕ್ಸ್‌ಗಳನ್ನು ಇಡಿ. ಹೊಸ ಫೀಲ್ಡ್ ಮಾಡಬೇಡಿ, ಇರುವ ಫೀಲ್ಡನ್ನೇ ಆರಿಸಿ.

ಹೊರಗಿನ ಸಂಸ್ಥೆಯವರಿಗೆ ಕಳಿಸಿದಾಗ 'ವಿನ್‌ಮೇಲ್.ಡ್ಯಾಟ್' ಎಂಬ ಫೈಲ್ ಸಿಕ್ಕಿತು ಅಂದರೆ, ಮೇಲ್ ರಿಚ್ ಟೆಕ್ಸ್ಟ್ ರೂಪದಲ್ಲಿ ಹೋಗಿದೆ, ಅವರ ಪ್ರೋಗ್ರಾಂಗೆ ಅದು ಅರ್ಥವಾಗಿಲ್ಲ. ಎಚ್‌ಟಿಎಂಎಲ್‌ಗೆ ಬದಲಿಸಿದರೆ ಆ ಫೈಲ್ ಹೋಗುವುದಿಲ್ಲ, ಆದರೆ ನಿಮ್ಮ ಕಸ್ಟಮ್ ಫೀಲ್ಡ್‌ಗಳೂ ಹೋಗುವುದಿಲ್ಲ. ಹೊರಗಿನವರಿಂದ ವಿವರ ಪಡೆಯಲು ಕಸ್ಟಮ್ ಫಾರ್ಮ್ ಸರಿಯಾದ ಸಾಧನವೇ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಂಥ ಕೆಲಸಕ್ಕೆ ವೆಬ್ ಫಾರ್ಮ್ ಬಳಸಿ.

8. ತಿದ್ದಿ ಮತ್ತೆ ಪಬ್ಲಿಷ್ ಮಾಡುವಾಗ

ಮೊದಲು ಈಗಿನ ಫಾರ್ಮನ್ನು ದಿನಾಂಕ ಸೇರಿಸಿದ ಹೆಸರಲ್ಲಿ ಟೆಂಪ್ಲೇಟ್ ಫೈಲಾಗಿ ಉಳಿಸಿ. ತಿದ್ದಿ. 'ಪ್ರಾಪರ್ಟೀಸ್' ಪುಟದಲ್ಲಿ ವರ್ಷನ್ ಸಂಖ್ಯೆ ಏರಿಸಿ. ಅದೇ ಹೆಸರಲ್ಲಿ, ಅದೇ ಲೈಬ್ರರಿಗೆ ಪಬ್ಲಿಷ್ ಮಾಡಿ. ಪಬ್ಲಿಷ್ ಮಾಡುವಾಗ ಫಾರ್ಮ್ ಡೆಫಿನಿಷನ್ ಜೊತೆಗೆ ಕಳಿಸಬೇಕಾ ಅಂತ ಔಟ್‌ಲುಕ್ ಕೇಳಿದರೆ 'ನೋ' ಅನ್ನಿ. ಪರೀಕ್ಷೆಗೆ ಹೊಸ ಐಟಂ ಮಾಡಿ, ನಿಮ್ಮ ಕಂಪ್ಯೂಟರ್ ಬಿಟ್ಟು ಇನ್ನೊಬ್ಬರದರಲ್ಲಿ ತೆರೆಯಿಸಿ.

9. ಹಳೆಯ ಐಟಂಗಳು

ಫೋಲ್ಡರ್ ಪ್ರಾಪರ್ಟೀಸ್‌ನಲ್ಲಿ ಹೊಸ ಫಾರ್ಮ್ ಆರಿಸಿದರೆ ಮುಂದೆ ಮಾಡುವ ಐಟಂಗಳಿಗೆ ಮಾತ್ರ ಅನ್ವಯಿಸುತ್ತದೆ. ಈಗಾಗಲೇ ಇರುವ ನೂರಾರು ಕಾಂಟ್ಯಾಕ್ಟ್‌ಗಳ ಕ್ಲಾಸ್ ಬದಲಾಗುವುದಿಲ್ಲ. ಅವುಗಳ ಮೆಸೇಜ್ ಕ್ಲಾಸನ್ನು ಒಂದು ಸಣ್ಣ ವಿಬಿಎ ಮ್ಯಾಕ್ರೋದಿಂದ ಬದಲಿಸಬೇಕು. ಫೋಲ್ಡರ್‌ನ ಪ್ರತಿ ಐಟಂಗೂ ಹೊಸ ಕ್ಲಾಸ್ ಕೊಟ್ಟು ಸೇವ್ ಮಾಡುವುದಷ್ಟೇ ಅದರ ಕೆಲಸ. ಒಂದೇ ಏಟಿಗೆ ಇಡೀ ಫೋಲ್ಡರ್ ಮೇಲೆ ಓಡಿಸಬೇಡಿ. ಕೆಲವೇ ಐಟಂಗಳನ್ನು ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ ಅಲ್ಲಿ ಮೊದಲು ಓಡಿಸಿ. ಫೋಲ್ಡರ್ ಒಳಗೆ ಕಾಂಟ್ಯಾಕ್ಟ್ ಗ್ರೂಪ್‌ಗಳಿದ್ದರೆ ಅವನ್ನು ಬಿಟ್ಟು ಮುಂದೆ ಹೋಗುವಂತೆ ಮ್ಯಾಕ್ರೋ ಬರೆಯಬೇಕು. ಅವುಗಳ ಕ್ಲಾಸೇ ಬೇರೆ.

ಇಷ್ಟೂ ಮಾಡಿ ಆಗದಿದ್ದರೆ ಅಡ್ಮಿನ್ ಬಳಿ ಹೋಗುವಾಗ ಇವನ್ನು ಬರೆದುಕೊಂಡು ಹೋಗಿ: ಐಟಂನ ಪೂರ್ತಿ ಮೆಸೇಜ್ ಕ್ಲಾಸ್, ಫಾರ್ಮ್ ಯಾವ ಲೈಬ್ರರಿಯಲ್ಲಿದೆ, ವರ್ಷನ್ ಸಂಖ್ಯೆ, ದೋಷ ಸಂದೇಶದ ಚಿತ್ರ, ಬೇರೆಯವರ ಕಂಪ್ಯೂಟರ್‌ನಲ್ಲಿ ಅದೇ ಐಟಂ ಹೇಗೆ ತೆರೆಯಿತು ಅನ್ನುವುದು. ಜೊತೆಗೆ ಟೆಂಪ್ಲೇಟ್ ಫೈಲ್ ಕೂಡ ಕೊಡಿ.